ಮನೆಗೊಂದು ಮುಖ ಹೆಚ್ಚು

ಆ ಶನಿವಾರ ಹೂಲಿಯ ಸಾಲೆಯಲ್ಲಿ ಗೋಂದು ಒಣಗುವ ಮೊದಲೇ ಗಂಡಾಂತರ ಶುರುವಾಯಿತು. ಪೂನಮ್ ಟೀಚರು ಚಿಕ್ಕ ಮಕ್ಕಳಿಗೆ ಚಿತ್ರನಕ್ಷೆ ಕಲಿಸುತ್ತಿದ್ದಳು. ನಿನ್ನೆ ಸಂಜೆ ಮನೆಯಲ್ಲಿ ಎಷ್ಟು ಮಂದಿ ಉಂಡರೋ ಅಷ್ಟು ಕಾಗದದ ಮುಖಗಳನ್ನು ನಿಮ್ಮ ಹೆಸರಿನ ಮೇಲೆ ಸಾಲಾಗಿ ಅಂಟಿಸಿರಿ ಎಂದಳು. ಕೊನೆಗೆ ತನ್ನ ಹೆಸರನ್ನೂ ಬರೆದು, ಆ ಕೆಲಸವನ್ನು ಬಾಯವ್ವನೆಂಬ ಹುಡುಗಿಗೆ ಒಪ್ಪಿಸಿದಳು. ನಿನ್ನೆ ಸಂಜೆ ಹೋಳಿಗೆ ಕೊಡಲು ಬಂದು, ಟೀಚರು ಉಣ್ಣುತ್ತಿದ್ದುದನ್ನು ಕಂಡವಳು ಅವಳೇ. ಆಮೇಲೆ ಪೂನಮ್, ಸಾಲೆಯ ತಪಾಸಣೆಗೆ ಬರಲಿದ್ದ ಮಹಾಂತಪ್ಪ ಸಾಹೇಬರಿಗೆ ಕುರ್ಚಿ ತರಲು ಓಡಿದಳು. ಹೋದ ಸಲ ಸಾಹೇಬರು ಮಕ್ಕಳಿಗೆ ಎಣಿಕೆ ಬರುವುದಿಲ್ಲವೆಂದು ಬರೆದು ಹೋಗಿದ್ದರು. ಈ ಸಲವೂ ತಪ್ಪಿದರೆ ನೋಟಿಸು.

ಮರಳಿ ಬಂದಾಗ ಅಡುಗೆಯ ಮಾಯವ್ವ ಸೌಟು ಹಿಡಿದು ನಕ್ಷೆಯ ಮುಂದೆ ಗರುಡಗಂಬದಂತೆ ನಿಂತಿದ್ದಳು. ಊರ ಒಲೆ ಒಲೆಯ ಸುದ್ದಿ ಬಲ್ಲವಳು.

"ಅಕ್ಕೋರ, ಬಾಳುನ ಮನ್ಯಾಗ ಇರಾವ್ರು ಮೂರ ಮಂದಿ. ಇಲ್ಲಿ ನಾಕ ಮಾರಿ ಅದಾವು. ಎಲ್ಲಾರ ಮನ್ಯಾಗೂ ಒಂದ ಹೆಚ್ಚಿಗಿ." ದನಿ ಇಳಿಸಿದಳು. "ನಮಗ ಕಾಣಲಾರದ್ದು ಹುಡುಗ್ರಿಗೆ ಕಾಣತೈತ್ರಿ."

ಗಾಳಿಯಿಲ್ಲದೆಯೂ ಮುಖಗಳು ಅಲುಗಿದವು. ಪೂನಮ್‌ಳ ಬೆನ್ನ ಮೇಲೆ ಇರುವೆ ಸಾಲು ಹರಿದಂತಾಯಿತು. ಮೇಲಿನ ಹೆಚ್ಚಿನ ಮುಖವನ್ನು ಕೀಳಹೋದರೆ ಗೋಂದು ಬಿಡಲಿಲ್ಲ. ಅಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು. ನಾಲ್ಕನೆಯ ಮುಖ ಯಾರದೆಂದು ಬಾಳುವನ್ನು ಕೇಳಿದರು.

"ನಮ್ಮ ಮುತ್ಯಾಂದ್ರಿ. ಸತ್ತಾನ. ನಿನ್ನಿ ಉಣ್ಣಾಕ ಬಂದಿದ್ದ."

ಪೂನಮ್‌ಗೆ ಹೋದ ಜೀವ ಬಂದಂತಾಯಿತು. ನಿನ್ನೆ ಹಿರಿಯರ ಅಮಾಸೆ. ಮನೆ ಮನೆಯಲ್ಲೂ ತೀರಿಹೋದವರಿಗೆ ಎಡೆ ಇಟ್ಟಿದ್ದರು. ಮಕ್ಕಳು ಆ ಎಲೆಯನ್ನೂ ಎಣಿಸಿದ್ದವು!

"ನಮ್ಮ ಹುಡುಗ್ರ ಎಣಿಕಿ ತಪ್ಪಂಗಿಲ್ರಿ ಸರ," ಎಂದು ಬೀಗಿದಳು.

ಸಾಹೇಬರು ನಕ್ಕು ಪೆನ್ನು ತೆಗೆದರು. ಅವರ ಬೆರಳು ಕೊನೆಯ ಸಾಲಿನ ಮೇಲೆ ನಿಂತಿತು. ಹಳೆ ಗುಡಿಯ ಮಗ್ಗುಲಿನ ಬಾಡಿಗೆ ಕೋಣೆಯಲ್ಲಿ ಪೂನಮ್ ಒಬ್ಬಳೇ ಇರುವವಳು. ಅವಳು ಯಾವ ಎಡೆಯನ್ನೂ ಇಟ್ಟಿರಲಿಲ್ಲ. ಅವಳ ಹೆಸರಿನ ಮೇಲೆ ಎರಡು ಮುಖಗಳಿದ್ದವು.

"ನಿಮ್ಮ ಬಾಜೂಕ ಕುಂತಿದ್ಲಲ್ರಿ ಆ ಮುದುಕಿ ಆಯಿ," ಎಂದಳು ಬಾಯವ್ವ. "ನೀವು ಸಾಲಿಗೆ ಹೊಂಟಾಗ ದಿನಾ ನಿಮ್ಮ ಮನಿ ಕಿಡಕ್ಯಾಗಿಂದ ಕೈ ಮಾಡತಾಳ. ನೀವ ಒಮ್ಮೇನೂ ಹೊಳ್ಳಿ ನೋಡಂಗಿಲ್ಲ."

ಪೂನಮ್ ಸಾಹೇಬರ ಪೆನ್ನಿಗೆ ಕೈ ಅಡ್ಡ ಹಿಡಿದಳು.

"ಸರ, ಇದು ತಪ್ಪ ಐತ್ರಿ. ತಪ್ಪಂತ ಬರೀರಿ. ಬೇಕಾದ್ರ ನೋಟಿಸ್ ಕೊಡ್ರಿ."

"ಎಣಿಕಿ ತಪ್ಪಂಗಿಲ್ಲಂತ ನೀವ ಹೇಳಿದ್ರೆಲ್ಲ," ಎಂದ ಸಾಹೇಬರು 'ಎಲ್ಲಾ ಸರಿ' ಎಂದು ಬರೆದು ಸಹಿ ಹಾಕಿಯೇ ಎದ್ದರು.

ಮಧ್ಯಾಹ್ನದ ಗಂಟೆ ಹೊಡೆಯಿತು. ಮಕ್ಕಳು ಮನೆ ಸೇರಿದವು. ಪೂನಮ್ ಕೋಣೆಗೆ ಹೋಗದೆ ಕತ್ತರಿ ಹಿಡಿದು ನಾಳಿನ ಪಾಠಕ್ಕೆಂದು ಮುಖ ಕತ್ತರಿಸುತ್ತ ಕೂತಳು.

ಬೀಗ ಹಾಕಲು ಬಂದ ಮಾಯವ್ವ ಇಣುಕಿದಳು. "ಅಕ್ಕೋರ, ನಾಳೆ ರವಿವಾರ."

"ಇರಲಿ ಬಿಡ್ರಿ, ಮಾಯವ್ವ."