ಬಂಗಾರದ ಅಂಚಿನ ಲೋಟಕ್ಕೊಂದು ಹೆಸರು

ಹೊಸಪೇಟೆಯಲ್ಲಿ ಹೆಸರು ಕೊರೆಯದ ಪಾತ್ರೆ ಎಲ್ಲಾದರೂ ಉಳಿದಿದ್ದರೆ, ಅದು ನಮ್ಮ ಅತ್ತೆಯ ಕೈಗೆ ಇನ್ನೂ ಸಿಕ್ಕಿಲ್ಲ ಎಂದೇ ತಿಳಿಯಿರಿ! ಸೌಟು, ಜಾಲರಿ, ಕುಕ್ಕರಿನ ಮುಚ್ಚಳ, ಎಲ್ಲದರ ಮೇಲೂ ಅವಳ ಹೆಸರು. ಬಚ್ಚಲಿನ ಸ್ಟೀಲ್ ಚೊಂಬಿಗೂ ಹಾಕಿಸಿಬಿಟ್ಟಿದ್ದಳು.

"ಇದನ್ಯಾರು ಕದೀತಾರ ಅತ್ತಿ?"

"ಕದ್ದವ್ರಿಗರೆ ಯಾರ್ದು ಅಂತ ಗೊತ್ತಾಗ್ಲಿ ಬಿಡು!"

ತಾಯಿಯಿಲ್ಲದ ನನ್ನನ್ನು ಮೂರನೇ ವರ್ಷದಿಂದ ಸಾಕಿದವಳು ಈ ಅತ್ತೆ, ನಮ್ಮಪ್ಪನ ಅಕ್ಕ. ಸ್ವಂತ ಮಕ್ಕಳಿಲ್ಲ. ಅವಳ ಹತ್ತಿರ ಆರು ಗಾಜಿನ ಲೋಟಗಳಿದ್ದವು. ಸಂಡೂರಿನ ಕಡೆಯ ಒಂದು ದೊರೆ ಮನೆತನ ತನಗೆಂದೇ ಪರದೇಶದಲ್ಲಿ ಮಾಡಿಸಿ ತರಿಸಿದ್ದಂತೆ. ಅಂಚಿಗೆ ಬಂಗಾರದ ನೀರು, ಮೈತುಂಬ ಬಂಗಾರದ ಬಳ್ಳಿ. ಅಲ್ಲಿ ಅಡುಗೆ ಮಾಡುತ್ತಿದ್ದ ಅವಳ ಮಾವನಿಗೆ ಖುಷಿಯಿಂದ ಕೊಟ್ಟದ್ದು. ನಾನು ಆಸೆಯಿಂದ ನೋಡಿದಾಗಲೆಲ್ಲ "ಮುಂದ ಎಲ್ಲಾ ನಿನಗ" ಅನ್ನುತ್ತಿದ್ದಳು.

ಈಚೆಗೆ ಅತ್ತೆಯನ್ನು ನೋಡಿದ ಡಾಕ್ಟರು, "ಮನೀಗೆ ಕರ್ಕೊಂಡು ಹೋಗ್ರಿ, ಕೇಳಿದ್ದು ಕೊಡ್ರಿ" ಅಂದುಬಿಟ್ಟರು. ಬೇರೆಯವರಾದರೆ ಮಿರ್ಚಿ ಬಜ್ಜಿ ಕೇಳುತ್ತಾರೆ. ಇವಳು ಆಟೋ ಕೇಳಿದಳು! ಲೋಟ ಕಟ್ಟಿಕೊಂಡು ನೇರ ಪಾತ್ರೆ ಅಂಗಡಿಗೆ. ಹೆಸರು ಹಾಕಿಸಲು! ಗಾಜಿಗೆ! ಸ್ಟೀಲಿಗೆ ಕೊರೆಯುವ ಮಷಿನ್ನು ಮುಟ್ಟಿದ್ದೇ ತಡ, ಮೊದಲನೆಯದು ಚಟ್ ಅಂದಿತು. ಎರಡನೆಯದು ಅರ್ಧ ಅಕ್ಷರ ತಾಳಿತಂತೆ. "ಇರ್ಲಿ ಬಿಡಪಾ, ಕೈ ಕುದುರಾಕತ್ತೈತಿ" ಎಂದು ಅಂಗಡಿಯವನಿಗೇ ಧೈರ್ಯ ಹೇಳಿ ಬಂದಳು ಮಹಾತಾಯಿ!

ಬೀರುವಿನ ಕೀಲಿ ಅವಳ ಸೆರಗಿನಲ್ಲಿ, ನಾನೇನು ಮಾಡಲಿ? ಒಂದೇ ವಾರದಲ್ಲಿ ಐದು ಹೋದವು. ನಾನು ಅತ್ತೆ. ಅತ್ತೆ ಅಳಲಿಲ್ಲ. ದೊರೆಗಳು ಹೋದರು, ಅವರ ಲೋಟ ಹೋದವು, ಇವಳೂ ಹೊರಟಿದ್ದಾಳೆ. ನನಗೆ ಉಳಿಯುವುದೇನು, ಆ ಬಚ್ಚಲ ಚೊಂಬೇ?

ಆರನೆಯದನ್ನು ಹಿಡಿದು ಅವಳು ಆಟೋ ಹತ್ತಿದಾಗ ನಾನೂ ಹತ್ತಿದೆ. ಅಂಗಡಿಯಲ್ಲಿ ಲೋಟ ಕಸಿದುಕೊಂಡೆ.

"ಸಾಯೋ ಹೊತ್ತಿಗೂ ನಿನ್ ಹೆಸರಿನ ಹುಚ್ಚು ಹೋಗ್ಲಿಲ್ಲಲ್ಲ ಅತ್ತಿ!"

ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆ ಸ್ಟೂಲಿನ ಮೇಲೆ ಕೂತಳು.

ಅಂಗಡಿಯವನು ಮೆಲ್ಲಗೆ, "ಅಕ್ಕಾರ, ಇದು ಅವ್ರ ಹೆಸರಲ್ರೀ" ಎಂದು ಚೀಟಿ ಮುಂದಿಟ್ಟ. ಅವಳದೇ ಸೊಟ್ಟ ಅಕ್ಷರ. ಮೇಲಿನ ಸಾಲಿನಲ್ಲಿ ನನ್ನ ಹೆಸರು. ಕೆಳಗಿನ ಸಾಲಿನಲ್ಲಿ, "ಅವ್ವ ಕೊಟ್ಟಿದ್ದು".

ಮೂವತ್ತು ವರ್ಷ ಅವಳನ್ನು ಅತ್ತೆ ಎಂದೇ ಕರೆದಿದ್ದೆ. ಬೇರೆ ಏನಾದರೂ ಕರಿ ಎಂದು ಅವಳು ಒಂದು ಸಲವೂ ಕೇಳಿರಲಿಲ್ಲ.

ಲೋಟವನ್ನು ಅಂಗಡಿಯವನ ಕೈಗೆ ನಾನೇ ಕೊಟ್ಟೆ.

"ಒಡೆದ್ರ ಒಡೀಲಿ. ಮೊದಲು ಕೆಳಗಿನ ಸಾಲು ಹಾಕ್ರಿ."