ಉಪ್ಪಿಲ್ಲದ ಮಣ್ಣಿ

ಊಟ ಮಾಡುವುದು ಹುಟ್ಟಿನಿಂದಲೇ ಬರುವ ವಿದ್ಯೆ ಎಂದು ನಾನು ಬಹಳ ಕಾಲ ನಂಬಿದ್ದೆ. ಉಸಿರಾಡುವುದು, ಸೀನುವುದು, ಆಕಳಿಸುವುದು ಇವುಗಳ ಸಾಲಿನಲ್ಲೇ ಅದೂ ಇದೆ, ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ ಎಂದುಕೊಂಡಿದ್ದೆ. ಹಾಗಲ್ಲ ಎಂದು ಗೊತ್ತಾದದ್ದು, ನಾನು ಬೇಯಿಸಿ, ಆರಿಸಿ, ಬೆರಳ ತುದಿಯಲ್ಲಿ ಬಿಸಿ ನೋಡಿ ಕೊಟ್ಟ ರಾಗಿ ಮಣ್ಣಿಯನ್ನು ನನ್ನ ಮೊಮ್ಮಗಳು ಒಂದು ಗಳಿಗೆ ನಾಲಿಗೆಯ ಮೇಲೆ ಇಟ್ಟುಕೊಂಡು, ಚೆನ್ನಾಗಿ ವಿಚಾರ ಮಾಡಿ, ನನ್ನ ಕನ್ನಡಕದ ಮೇಲೆ ಉಗಿದ ದಿನ. ಅವಳ ಹೆಸರು ಇಂಚರ. ದರ್ಜಿಯ ಮೊಮ್ಮಗಳಾದ್ದರಿಂದ ಇಂಚು ಹಿಡಿದೇ ಹೆಸರಿಟ್ಟಿದ್ದಾರೆ ಎಂದು ಗಿರಾಕಿಗಳು ನಗುತ್ತಾರೆ. ಹೆಸರಿಟ್ಟವರು ಅಳಿಯನ ಮನೆಯವರು. ನಗುವುದಷ್ಟೇ ನನ್ನ ಪಾಲು.

ಹೊಸನಗರದ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಆ ಪರದೆಯ ಆಚೆಯಿಂದ ನನ್ನ ಹೆಂಡತಿ ವಾರಿಜ ಊಟಕ್ಕೆ ಕರೆಯುತ್ತಿದ್ದಳು. ನಾನು "ಬಂದೆ" ಎಂದು ಹೇಳಿ, ಕೈಯಲ್ಲಿದ್ದ ಕಾಲರ್ ಮುಗಿಸಿ, ಹೋಗಿ ಕೂತು ಮೊದಲ ತುತ್ತು ನುಂಗಿದ ಕೂಡಲೇ "ಉಪ್ಪು ಕಮ್ಮಿ" ಎನ್ನುತ್ತಿದ್ದೆ. ಜಾಸ್ತಿ ಎನ್ನುವ ದಿನವೂ ಇತ್ತು. ಸರಿಯಾಗಿದೆ ಎಂದು ಹೇಳಿದ ನೆನಪಿಲ್ಲ. ಅವಳ ಉತ್ತರವೂ ಒಂದೇ. "ಬಾಯಿ ಇರೋದು ತಿನ್ನೋಕೆ. ತಿನ್ನಿ," ಎಂದು ಬಡಿಸುವಾಗ ಪಕ್ಕದಲ್ಲಿಡುವ ಪುಟ್ಟ ಉಪ್ಪಿನ ಡಬ್ಬಿಯನ್ನು ನನ್ನ ಕಡೆ ತಳ್ಳುತ್ತಿದ್ದಳು. ನಾನು ಆ ಡಬ್ಬಿಯ ಮುಚ್ಚಳ ತೆಗೆದವನೇ ಅಲ್ಲ. ನನ್ನ ಗೊಣಗಾಟಕ್ಕೂ ಉಪ್ಪಿಗೂ ಸಂಬಂಧವೇ ಇರಲಿಲ್ಲವೆಂದು ಕಾಣುತ್ತದೆ. ಕೂತ ಕೂಡಲೇ ಅವಳ ಹತ್ತಿರ ಏನಾದರೂ ಮಾತಾಡಬೇಕು, ಬೇರೆ ಮಾತು ಬರುತ್ತಿರಲಿಲ್ಲ, ಅಷ್ಟೇ.

ಮಗಳು ಶಾಲಿನಿ ಬಸುರಿಯಾಗಿದ್ದಾಗ ವಾರಿಜ ಹೋದಳು. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡಂತೆ ಆಗುತ್ತಿದೆ ಎಂದಳು. ಶಿವಮೊಗ್ಗದ ಆಸ್ಪತ್ರೆಗೆ ಹೊರಡಬೇಕಾದರೆ ಉಟ್ಟಿದ್ದ ಹಳೇ ಸೀರೆಯನ್ನು ಬಿಚ್ಚಿ ಹಗ್ಗದ ಮೇಲೆ ಹಾಕಿ, ಒಳ್ಳೆಯದೊಂದನ್ನು ಉಟ್ಟುಕೊಂಡಳು. ಡಾಕ್ಟರು ಸೀರೆ ನೋಡುತ್ತಾರೆಯೇ? ಆದರೆ ದರ್ಜಿಯ ಹೆಂಡತಿ ಹಾಗೆಲ್ಲ ಹೊರಗೆ ಹೋಗುವ ಹಾಗಿಲ್ಲ ಎಂಬುದು ಅವಳ ಕಾನೂನು. ಬಾಗಿಲಲ್ಲಿ ನಿಂತು, "ಹಾಲು ಕಾಯಿಸಿಟ್ಟಿದೀನಿ, ಬೆಕ್ಕು ಬರುತ್ತೆ, ಮುಚ್ಚಿ," ಎಂದಳು. ಆಮೇಲೆ ಅವಳು ನನಗೆ ಏನನ್ನೂ ಹೇಳಲಿಲ್ಲ. ದಾರಿಯಲ್ಲೇ ಮಾತು ನಿಂತಿತ್ತು.

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು ಎಂದು ಶಾಲಿನಿ ಹಟ ಹಿಡಿದಳು. ಅವಳ ಅತ್ತೆ ತೀರ್ಥಹಳ್ಳಿ ಹತ್ತಿರದ ಮೇಳಿಗೆಯಿಂದ ಬಂದು, "ನಾವು ಮಾಡ್ತೀವಿ, ನಿಮಗ್ಯಾಕೆ ತೊಂದರೆ?" ಎಂದು ಒಳ್ಳೆಯ ಮಾತಲ್ಲೇ ಕರೆದರು. ಇವಳು ಒಪ್ಪಲಿಲ್ಲ. ಅಪ್ಪ ಒಬ್ಬನೇ ಆಗುತ್ತಾನೆ ಎಂದು ಅವಳ ಯೋಚನೆ. ಇವಳಿಗೆ ಅಮ್ಮ ಇಲ್ಲವಲ್ಲ ಎಂದು ನನ್ನ ಯೋಚನೆ. ಸಾಗರದಿಂದ ನನ್ನ ಅಕ್ಕ ಗಿರಿಜಕ್ಕ ಬಂದು ಬಾಣಂತಿಗೆ ನೀರು ಹಾಕುವ, ಮಗುವಿಗೆ ಎಣ್ಣೆ ತಿಕ್ಕುವ ಕೆಲಸ ವಹಿಸಿಕೊಂಡಳು. ಬಂದ ದಿನವೇ ಅಡಿಗೆ ಮನೆಯಲ್ಲಿ ನನ್ನನ್ನು ಕಂಡು, "ಎಂತ ಮಾರಾಯ, ನೀನು ಬಾಣಂತನ ಮಾಡ್ತೀಯಾ? ಇದು ಬ್ಲೌಸ್ ಅಲ್ಲ, ಸರಿಯಾಗ್ದಿದ್ರೆ ಬಿಚ್ಚಿ ಹೊಲಿಯೋಕಾಗಲ್ಲ," ಎಂದಳು. ವಾರಿಜಳ ಸೀರೆಗಳನ್ನು ಹಂಚಿದವಳೂ ಅವಳೇ. ಒಳ್ಳೆಯವು ನೆಂಟರ ಪಾಲಿಗೆ ಹೋದವು. ಹಳೇ ಹತ್ತಿಯವನ್ನೆಲ್ಲ ಹರಿದು ಮಗುವಿನ ಕೆಳಗೆ ಹಾಸುವ ಬಟ್ಟೆ ಮಾಡಿದಳು. ಅಜ್ಜಿಯನ್ನು ಕಾಣದ ಮೊಮ್ಮಗಳು ಅಜ್ಜಿಯ ಸೀರೆಗಳನ್ನು ಒಂದೊಂದಾಗಿ ಒದ್ದೆ ಮಾಡಿದಳು. ವಾರಿಜ ಇದ್ದಿದ್ದರೆ ಅದಕ್ಕಿಂತ ದೊಡ್ಡ ಮರ್ಯಾದೆ ಕೇಳುತ್ತಿರಲಿಲ್ಲ.

ಒಂದು ಸೀರೆ ಮಾತ್ರ ಗಿರಿಜಕ್ಕನಿಗೆ ಸಿಗಲಿಲ್ಲ. ಹಗ್ಗದ ಮೇಲೆ ಬಿಟ್ಟು ಹೋದದ್ದು. ಕಂದು ಚೌಕಳಿಯದು, ಒಗೆದೂ ಒಗೆದೂ ಚೌಕಳಿ ಎಲ್ಲಿ ಮುಗಿಯುತ್ತದೆ, ಬಟ್ಟೆ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗದಂಥದ್ದು. ಅದನ್ನು ನಾನು ಪೇಪರಿನಲ್ಲಿ ಸುತ್ತಿ ಅಂಗಡಿಯ ಮೇಲಿನ ಕಪಾಟಿನಲ್ಲಿ ಇಟ್ಟಿದ್ದೆ. ಎಲ್ಲ ದರ್ಜಿಗಳ ಹತ್ತಿರವೂ ಅಂಥದೊಂದು ಕಪಾಟು ಇರುತ್ತದೆ. ಹೊಲಿಯಲು ಕೊಟ್ಟು ಮತ್ತೆ ಬಾರದ ಗಿರಾಕಿಗಳ ಬಟ್ಟೆಗಳು ಅಲ್ಲಿರುತ್ತವೆ. ಎಸೆಯುವ ಹಾಗಿಲ್ಲ, ಎಂದಾದರೂ ಬಂದು ಕೇಳಿದರೆ? ಅಂಗಡಿಯಲ್ಲಿ ಯಾರೂ ಇಲ್ಲದಾಗ ಆ ಪೊಟ್ಟಣವನ್ನು ಇಳಿಸಿ, ಒಂದು ಮೂಲೆ ಬಿಡಿಸಿ ಮೂಸುತ್ತಿದ್ದೆ. ಒಗ್ಗರಣೆ, ಕೊಬ್ಬರಿ ಎಣ್ಣೆ, ಸ್ವಲ್ಪ ಬೆವರು. ಒಮ್ಮೆ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದ ಮೇಷ್ಟ್ರೊಬ್ಬರು ಬಾಗಿಲಲ್ಲೇ ನಿಂತು ನೋಡಿ, "ಬಣ್ಣ ಹೋಗುತ್ತಾ?" ಎಂದು ಕೇಳಿದರು. ವಾಸನೆ ನೋಡಿ ಬಣ್ಣ ಹೇಳುವ ದರ್ಜಿ ಎಂದು ಅವರು ನನ್ನ ಮೇಲೆ ಬಹಳ ಗೌರವ ಇಟ್ಟುಕೊಂಡಿದ್ದಾರೆ.

ಮಗು ಎದೆಹಾಲು ಕುಡಿಯುತ್ತಿದ್ದಷ್ಟು ಕಾಲ ಕಷ್ಟವಿರಲಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದು, ಆರು ತಿಂಗಳವರೆಗೆ ಬರೀ ಎದೆಹಾಲು, ನೀರೂ ಬೇಡ, ಎಂದು ಹೇಳಿ ಹೋಗಿದ್ದಳು. ತಾಯಿ ತಿಂದರೆ ಮಗು ಕುಡಿಯುತ್ತದೆ, ಅಷ್ಟೇ. ಶಾಲಿನಿಗೆ ನಾನು ಸಬ್ಬಸಿಗೆ ಸೊಪ್ಪಿನ ಸಾರು ಮಾಡಿ ಬಡಿಸುತ್ತಿದ್ದೆ. "ನೀವು?" ಎಂದರೆ "ಆಯ್ತು" ಎನ್ನುತ್ತಿದ್ದೆ. ಆಗಿರುತ್ತಿದ್ದುದು ಪಕ್ಕದ ಹೋಟೆಲಿನ ಟೀ ಮತ್ತು ಬನ್ನು. ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬನ್ನು ಹೇಗೋ ಇಳಿಯುತ್ತಿತ್ತು.

ಆರು ತಿಂಗಳು ತುಂಬಿತು. ಅಷ್ಟರಲ್ಲಿ ಗಿರಿಜಕ್ಕ ಸಾಗರಕ್ಕೆ ಮರಳಿದ್ದಳು. ಶಾಲಿನಿ ತೀರ್ಥಹಳ್ಳಿಯ ಒಂದು ಶಾಲೆಯಲ್ಲಿ ಟೀಚರು. ದಸರಾ ರಜೆ ಮುಗಿದ ಕೂಡಲೇ ಕೆಲಸಕ್ಕೆ ಬರಬೇಕು, ಬಾರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದು ಶಾಲೆಯವರು ಹೇಳಿಬಿಟ್ಟಿದ್ದರು. ಹಗಲಲ್ಲಿ ಮಗುವನ್ನು ಅತ್ತೆ ನೋಡಿಕೊಳ್ಳುತ್ತಾರೆ, ಬೆಳಿಗ್ಗೆ ಸಂಜೆ ಎದೆಹಾಲು ಆಗುತ್ತದೆ. ಆದರೆ ನಡುವೆ ಅದು ಏನಾದರೂ ತಿನ್ನಬೇಕಲ್ಲ? ಬಾಳೆಹಣ್ಣು ಕಿವುಚಿ ಕೊಟ್ಟೆವು, ಉಗಿಯಿತು. ಅನ್ನ ಬೇಳೆ ನುರಿದು ಕೊಟ್ಟೆವು, ಉಗಿಯಿತು. ಮೆಡಿಕಲ್ ಅಂಗಡಿಯ ಡಬ್ಬಿಯ ಹಿಟ್ಟನ್ನು ಮೂಸಿದ್ದೇ ತಲೆ ತಿರುಗಿಸಿತು. "ಮಂಡಗದ್ದೆ ಪಕ್ಷಿಧಾಮದಲ್ಲಿ ಹಕ್ಕಿಮರಿಗಳು ಕರೆಯದಿದ್ರೂ ಬಾಯಿ ತೆರೀತಾವೆ, ಇವಳು ನೋಡಿದ್ರೆ ತುಟಿಗೇ ಹೊಲಿಗೆ ಹಾಕ್ಕೊಂಡಿದಾಳೆ," ಎಂದು ಶಾಲಿನಿ ನಗಲು ನೋಡಿ ಅತ್ತಳು.

ಕೊನೆಗೆ ರಾಗಿ ಮಣ್ಣಿ ಮಾಡಲು ಹೊರಟೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು ಹಿಟ್ಟು ಮಾಡಿ, ನೀರಲ್ಲಿ ಗಂಜಿಯ ಹಾಗೆ ಕಾಯಿಸುವುದು. ಮೊದಲ ಸಲ ಕಟ್ಟಿಟ್ಟದ್ದು ಮರೆತುಹೋಗಿ ಸಸಿಮಡಿಯೇ ಆಗಿತ್ತು. ಎರಡನೆಯ ಸಲ ಹಿಟ್ಟಾಯಿತು. ಹೊಲಿಗೆ ಯಂತ್ರದ ಸದ್ದು ಕೇಳಿದರೆ ಮಗು ಬಾಯಿ ತೆರೆದು ನೋಡುತ್ತದೆ ಎಂಬುದೂ ಅಷ್ಟರಲ್ಲಿ ನಮಗೆ ತಿಳಿದಿತ್ತು. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನು ಸೂಜಿಯಡಿ ಬಟ್ಟೆ ಇಡದೆ ಬರಿದೇ ಯಂತ್ರ ತುಳಿಯುವುದು, ಬಾಯಿ ತೆರೆದ ಕೂಡಲೇ ಶಾಲಿನಿ ಚಮಚ ಇಡುವುದು. ಕನ್ನಡಕದ ಕಥೆ ನಡೆದದ್ದು ಆಗಲೇ.

ಮೊಮ್ಮಗಳನ್ನು ನೋಡಲು ಬಂದ ಗಿರಿಜಕ್ಕ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು.

"ಎಂತದಿದು, ತುಂಗಾ ಹೊಳೆ ಮರಳಾ?"

"ಜರಡಿ ಹಿಡಿದಿದೀನಲ್ಲ ಅಕ್ಕ."

"ಮಗಿಗೆ ಕೊಡೋ ಹಿಟ್ಟು ಜರಡೀಲಿ ಹಿಡೀತಾರಾ? ಪಾತ್ರೆ ಬಾಯಿಗೆ ಬಟ್ಟೆ ಕಟ್ಟಿ ಕೈಯಲ್ಲಿ ತಿಕ್ಕಿ ಸೋಸ್ಬೇಕು. ಹಲ್ಲಿಲ್ಲದ ಬಾಯಿ ಕಣೋ, ಒಂದು ತರಿ ಸಿಕ್ರೂ ಉಗೀತದೆ. ಜೀವಮಾನ ಬಟ್ಟೆ ಕತ್ತರಿಸ್ದೆ, ಒಂದು ಬಟ್ಟೆ ಸಿಗ್ಲಿಲ್ವಾ ನಿಂಗೆ?"

ಅಂಗಡಿಯ ಬಟ್ಟೆಗಳನ್ನೆಲ್ಲ ಪಾತ್ರೆಯ ಬಾಯಿಗೆ ಕಟ್ಟಿ ನೋಡಿದೆ. ಹೊಸ ವಾಯಿಲ್ ಬಟ್ಟೆಗೆ ಹಾಕಿದ್ದ ಗಂಜಿಯಿಂದಾಗಿ ಹಿಟ್ಟು ಮೇಲೆಯೇ ಕೂತಿತು. ಲೈನಿಂಗ್ ಬಟ್ಟೆಗೆ ಅಂಟಿಕೊಂಡು ಕೆಳಗೆ ಬೀಳುವುದನ್ನೇ ಮರೆತಿತು. ನನ್ನ ಪಂಚೆ ದಪ್ಪವಾಯಿತು. ಹಿಟ್ಟು ಸೋಸುವ ಬಟ್ಟೆ ಮೀಟರಿನ ಲೆಕ್ಕದಲ್ಲಿ ಸಿಗುವುದಿಲ್ಲ. ಯಾರಾದರೂ ಅದನ್ನು ವರ್ಷಗಟ್ಟಲೆ ಉಟ್ಟು, ಒಗೆದು, ಬಿಸಿಲಿಗೆ ಹಾಕಿ ತೆಳ್ಳಗೆ ಮಾಡಿರಬೇಕು. ಅಂಥವೆಲ್ಲ ಮಗುವಿನ ಕೆಳಗೆ ಹೋಗಿದ್ದವು. ಅದರಲ್ಲಿ ಒಂದನ್ನು ಒಗೆದು ಕಟ್ಟಿದರಾಯಿತು ಎಂದೆ. "ಥೂ! ಉಚ್ಚೆ ಹೊಯ್ದಿದ್ದು ಎಲ್ಲಿ, ತಿನ್ನೋದು ಎಲ್ಲಿ, ಒಂಚೂರು ತಿಳಿಯೋದಿಲ್ವಾ?" ಎಂದು ಗಿರಿಜಕ್ಕ ಬೈದಳು. ಬೈದು ಮುಗಿಸಿ, ಸ್ವಲ್ಪ ಮೆತ್ತಗೆ ಕೇಳಿದಳು. "ಅವಳದ್ದೊಂದು ಕಂದು ಚೌಕಳಿ ಸೀರೆ ಇತ್ತಲ್ಲ? ಅವತ್ತು ಹುಡುಕಿದೆ, ಸಿಗ್ಲಿಲ್ಲ."

"ಗೊತ್ತಿಲ್ಲ," ಎಂದೆ.

ಅವಳು ನನ್ನ ಮುಖ ನೋಡಿದಳು. ಹಿಟ್ಟಿನ ಪಾತ್ರೆಗೆ ಮುಚ್ಚಳ ಹಾಕಿದಳು.

ಮಾರನೆಯ ದಿನ ಶಾಲಿನಿ ಫೋನ್ ಹಿಡಿದುಕೊಂಡು ಅಂಗಡಿಗೇ ಬಂದಳು. "ಅಪ್ಪ, ಶಾಲೆಗೆ ಹೇಳ್ಬಿಡ್ತೀನಿ. ಬೇರೆಯವರನ್ನ ನೋಡ್ಕೊಳ್ಳಲಿ. ಇವಳನ್ನ ಉಪವಾಸ ಕೆಡವಿ ನಾನು ಯಾರ ಮಕ್ಕಳಿಗೆ ಪಾಠ ಹೇಳ್ಲಿ?" ಅವಳನ್ನು ಓದಿಸಿದವಳು ವಾರಿಜ. ನನ್ನ ದುಡಿಮೆ ಮನೆಗಾಗುತ್ತಿತ್ತು. ಊರವರ ಬ್ಲೌಸುಗಳಿಗೆ ಹುಕ್ಕು ಹೊಲಿದು, ಸೀರೆಗೆ ಫಾಲ್ಸ್ ಹಾಕಿ ಮಗಳನ್ನು ಟೀಚರ್ ಮಾಡಿದಳು. ಕೆಲಸ ಸಿಕ್ಕಿದ ದಿನ ಪರದೆ ಸರಿಸಿ ಅಂಗಡಿಗೆ ಬಂದು, ಗಿರಾಕಿಗಳ ಎದುರೇ ನನ್ನ ಬಾಯಿಗೆ ಬೆಲ್ಲ ತುರುಕಿದ್ದಳು. "ಇದಕ್ಕೂ ಉಪ್ಪು ಕಮ್ಮಿ ಅನ್ನಿ ನೋಡೋಣ," ಎಂದಿದ್ದಳು.

"ನಾಳೆ ಹೇಳುವಿಯಂತೆ," ಎಂದೆ ಮಗಳಿಗೆ. ದರ್ಜಿಯ ಬಾಯಲ್ಲಿ ನಾಳೆ ಎಂಬ ಮಾತಿಗೆ ಬೆಲೆಯಿಲ್ಲವೆಂದು ಅವಳಿಗೆ ಗೊತ್ತು. ಆದರೂ ಒಳಗೆ ಹೋದಳು.

ಸ್ಟೂಲು ಹತ್ತಿ ಪೊಟ್ಟಣ ಇಳಿಸಿದೆ. ಒಮ್ಮೆ ಮೂಸಿದೆ. ಹಿತ್ತಲಿಗೆ ಒಯ್ದು ನಾನೇ ಸೋಪು ಹಾಕಿದೆ. ಅಳುಕಿ ಅಳುಕಿ ತಿಕ್ಕುತ್ತಿದ್ದುದನ್ನು ಕಂಡು ಗಿರಿಜಕ್ಕ ಒಳಗಿಂದ ಬಿಸಿನೀರಿನ ಬಕೆಟ್ಟು ತಂದಿಟ್ಟು ಹೋದಳು. ನೀರಿನಲ್ಲಿ ಅದ್ದಿ ತೆಗೆದ ಮೇಲೆ ಅದರಲ್ಲಿ ಸೋಪಿನ ವಾಸನೆ ಬಿಟ್ಟರೆ ಮತ್ತೇನೂ ಇರಲಿಲ್ಲ. ಎರಡು ಮೂರು ಸಲ ಮೂಸಿ ನೋಡಿದೆ.

ಒಣಗಿದ ಮೇಲೆ ಕತ್ತರಿಸಲು ಕೂತೆ. ಎಷ್ಟು ಜನರ ಮದುವೆಯ ಜರಿ ಬಟ್ಟೆಗೆ ಸೀಮೆಸುಣ್ಣವನ್ನೂ ಹಾಕದೆ ಕತ್ತರಿ ಇಟ್ಟ ಕೈ ಇದು. ಆ ದಿನ ಟೇಪು ಹಿಡಿದೆ, ಗೆರೆ ಎಳೆದೆ, ಆದರೂ ಕತ್ತರಿ ಗೆರೆಯ ಮೇಲೆ ಹೋಗಲಿಲ್ಲ. ಬೆಳಕು ಸಾಲದು ಎಂದು ಲೈಟು ಹಾಕಿದೆ. ಕನ್ನಡಕ ಒರೆಸಿದೆ. ತಪ್ಪು ಕನ್ನಡಕದ್ದಲ್ಲ ಎಂದು ಗೊತ್ತಾದ ಮೇಲೆ ಹಾಗೇ ಕತ್ತರಿಸಿದೆ. ಗಿರಿಜಕ್ಕ ತುಂಡನ್ನು ಎತ್ತಿ ಹಿಡಿದು, "ದರ್ಜಿ ಕತ್ತರಿಸಿದ ಹಾಗಿಲ್ಲ ತಮ್ಮ, ಇಲಿ ಕಡಿದ ಹಾಗಿದೆ," ಎಂದಳು. ಹೇಳುತ್ತಾ ಸೆರಗಿನಿಂದ ತನ್ನ ಕಣ್ಣು ಒರೆಸಿಕೊಂಡಳು.

ಆ ಬಟ್ಟೆಯಿಂದ ಇಳಿದ ಹಿಟ್ಟು ಪೌಡರಿನ ಹಾಗಿತ್ತು. ಮಣ್ಣಿ ಕಾಯಿಸಿ, ಆರಿಸಿ, ನಾನು ಯಂತ್ರ ತುಳಿದೆ. ಶಾಲಿನಿ ಚಮಚ ಇಟ್ಟಳು. ಮಗು ನಾಲಿಗೆಯ ಮೇಲೆ ಇಟ್ಟುಕೊಂಡು ವಿಚಾರ ಮಾಡಿತು. ನಾನು ಕನ್ನಡಕ ತೆಗೆದಿಟ್ಟೆ. ಅದು ನುಂಗಿತು. ನುಂಗಿ, ಬಾಯಿ ತೆರೆಯಿತು. ಯಂತ್ರ ನಿಲ್ಲಿಸಿದರೂ ತೆರೆಯಿತು. ಬಟ್ಟಲು ಖಾಲಿಯಾದಾಗ ಸಿಟ್ಟಿನಿಂದ ಮೇಜು ಬಡಿಯಿತು. ಶಾಲಿನಿ ಫೋನನ್ನು ಬದಿಗಿಟ್ಟು, ನನ್ನ ಭುಜಕ್ಕೆ ಒರಗಿ ಕೂತಳು. ಅವಳಿಗೆ ಆ ಬಟ್ಟೆ ಯಾವುದೆಂದು ಗೊತ್ತಾಗಿತ್ತು. "ಅಮ್ಮನೇ ತಿನ್ನಿಸಿದ ಹಾಗಾಯ್ತು," ಎಂದಳು. ನಾನು ಎದ್ದು ಹೋಗಿ ಇಲ್ಲದ ಗಿರಾಕಿಯನ್ನು ಮಾತಾಡಿಸಿ ಬಂದೆ.

ರಜೆ ಮುಗಿಯುವ ಮೊದಲು ಅಳಿಯ ಬಂದು ಇಬ್ಬರನ್ನೂ ಮೇಳಿಗೆಗೆ ಕರೆದುಕೊಂಡು ಹೋದ. ಗಿರಿಜಕ್ಕನೂ ಸಾಗರದ ಬಸ್ಸು ಹತ್ತಿದಳು. ಹೋಗುವಾಗ ಶಾಲಿನಿಗೆ ಒಂದು ಡಬ್ಬಿ ಹಿಟ್ಟು ಕೊಟ್ಟು, ಮುಗಿಯುವ ಮೊದಲು ಇನ್ನೊಂದು ತರುತ್ತೇನೆ ಎಂದೆ. ಸೋಸುವ ಬಟ್ಟೆಯನ್ನು ಮಾತ್ರ ಕೊಡಲಿಲ್ಲ. ಅದನ್ನು ಹಿಡಿದು ತಿಕ್ಕುವುದರಲ್ಲಿ ಒಂದು ಹದವಿದೆ, ಬೇರೆಯವರಿಗೆ ಬರುವುದಿಲ್ಲ ಎಂದೆ.

ಅಂದು ಮಧ್ಯಾಹ್ನ ಬನ್ನು ತರಲು ಹೊರಟವನಿಗೆ ಒಲೆಯ ಮೇಲೆ ಪಾತ್ರೆ ಕಂಡಿತು. ಬೆಳಿಗ್ಗೆ ಕಾಯಿಸಿದ ಮಣ್ಣಿಯಲ್ಲಿ ಅರ್ಧ ಉಳಿದಿತ್ತು. ಎಸೆಯಲು ಮನಸ್ಸಾಗದೆ, ಮಗುವಿನ ಚಮಚ ಅವರ ಸಂಗಡ ಹೋಗಿದ್ದರಿಂದ ಬೆರಳಲ್ಲೇ ತೆಗೆದು ಬಾಯಿಗಿಟ್ಟೆ. ಗಂಟಲಲ್ಲಿ ಎಲ್ಲಿಯೂ ತಡೆಯದೆ ಇಳಿಯಿತು. ಎಳೆ ಮಗುವಿನದಾದ್ದರಿಂದ ಉಪ್ಪು ಹಾಕಿರಲಿಲ್ಲ. ಅಭ್ಯಾಸಬಲದಿಂದ ಪರದೆಯ ಕಡೆ ತಿರುಗಿ, "ಉಪ್ಪು..." ಎಂದುಬಿಟ್ಟೆ.

ಯಾರೂ ಡಬ್ಬಿ ತಳ್ಳಲಿಲ್ಲ. ನಾನೇ ಕೈ ಚಾಚಿ ಅದನ್ನು ಎಳೆದುಕೊಂಡೆ. ಬಿಗಿಯಾಗಿದ್ದ ಮುಚ್ಚಳವನ್ನು ತೆಗೆದು, ಒಂದು ಚಿಟಿಕೆ ಹಾಕಿಕೊಂಡು, ಪಾತ್ರೆಯ ತಳ ಕಾಣುವವರೆಗೆ ತಿಂದೆ. ಸ್ವಲ್ಪ ಜಾಸ್ತಿಯೇ ಆಗಿತ್ತು. ಯಾರಿಗೂ ಹೇಳಲಿಲ್ಲ.