ಎಂಟು ಹೆಣ್ಣುಕುದುರೆಗಳೂ ಎಬೆರ್ ಲಾರೋಸನೂ

ಬೆಳಿಗ್ಗೆ ಬ್ರೆಡ್ಡು ತರಲು ಹೋದವನು ಬಾಯಿ ಮುಚ್ಚಿಕೊಂಡು ಬಂದಿದ್ದರೆ ಎಬೆರ್ ಲಾರೋಸನಿಗೆ ಆ ಭಾನುವಾರ ಅಷ್ಟೆಲ್ಲ ಪಾಡು ಬರುತ್ತಿರಲಿಲ್ಲ. ಬೇಕರಿಯ ದೋನ್ಯಾ ಒಫೆಲಿಯಾ ಪೊಟ್ಟಣ ಕಟ್ಟುತ್ತ, "ಇವತ್ತು ಯಾವುದಪ್ಪಾ ಗೆಲ್ಲೋದು?" ಎಂದು ಕೇಳಿದಳು. "ಆ ಬೂದು ಬಣ್ಣದ್ದು ಪರವಾಗಿಲ್ಲ," ಎಂದುಬಿಟ್ಟ.

ಎಬೆರ್ ಮೊಂತೆವಿದೆಯೋದ ಒಂದು ಮಧ್ಯಾಹ್ನದ ಪತ್ರಿಕೆಗೆ ಹನ್ನೊಂದು ವರ್ಷದಿಂದ ಕುದುರೆ ರೇಸಿನ ಅಂಕಣ ಬರೆಯುತ್ತಿದ್ದ. ಅವತ್ತು ಮರೋನ್ಯಾಸ್ ರೇಸ್ ಮೈದಾನದಲ್ಲಿ ಹೆಣ್ಣುಕುದುರೆಗಳ ವರ್ಷದ ಅತಿ ದೊಡ್ಡ ರೇಸು. ಎಂಟು ಕುದುರೆ, ಎರಡು ಸಾವಿರ ಮೀಟರು. ಹತ್ತು ಗಂಟೆಯೊಳಗೆ ಎಂಟನ್ನೂ ಅಳೆದು ತೂಗಿ, ಗೆಲ್ಲುವುದು ಇದೇ ಎಂದು ಬರೆದು ಕಳಿಸಬೇಕು.

ಚಹಾದ ಹಾಗೆ ಕುಡಿಯುವ 'ಮಾತೆ' ಸೊಪ್ಪಿಗೆ ಬಿಸಿನೀರು ಹಾಕಿಕೊಂಡು ಕೂತಿದ್ದನಷ್ಟೇ, ಬಾಗಿಲು ತಟ್ಟಿದ ಸದ್ದು. ಬೂದು ಕುದುರೆ ಸೆನೀಸಾಳನ್ನು ನೋಡಿಕೊಳ್ಳುವ ವಾಲ್ತೆರ್, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ದೊನ್ ಎಬೆರ್, ನಮ್ಮ ಸೆನೀಸಾ ಹೆಸರು ಬರೀತೀರಂತೆ. ದಯವಿಟ್ಟು ಬೇಡ."

"ಯಾಕಯ್ಯಾ?"

ವಾಲ್ತೆರ್ ನೆಲ ನೋಡಿದ. "ಅದು ಸ್ವಲ್ಪ ನಾಚಿಕೆ ಸ್ವಭಾವದ್ದು. ಜನ ಎಲ್ಲಾ ಅದನ್ನೇ ನೋಡಿದ್ರೆ ಕಾಲು ತಡವರಿಸುತ್ತೆ."

ಹನ್ನೊಂದು ವರ್ಷದಲ್ಲಿ ಕುದುರೆಯ ನಾಚಿಕೆಯ ಬಗ್ಗೆ ಎಬೆರ್ ಕೇಳಿದ್ದು ಇದೇ ಮೊದಲು. ಆದರೂ ತನ್ನ ಬರವಣಿಗೆಗೆ ಇಷ್ಟು ಪ್ರಭಾವವಿದೆಯಲ್ಲ ಎಂದು ಒಳಗೊಳಗೇ ಹಿಗ್ಗಿದ. ಸರಿ, ಬರೆಯಲ್ಲ ಹೋಗು ಎಂದ.

ಅಸಲಿಗೆ ಅವನ ಮನಸ್ಸಿನಲ್ಲಿದ್ದದ್ದು ಬೂದು ಕುದುರೆಯಲ್ಲ, ಗೊಲೊಂದ್ರೀನಾ. ರಾತ್ರಿಯ ಮಳೆಗೆ ನೆಲ ಮೆತ್ತಗಾಗಿತ್ತು. ಮೆತ್ತನೆ ನೆಲದಲ್ಲಿ ಆ ಕುದುರೆ ಬೆಣ್ಣೆಯಲ್ಲಿ ಚಾಕು ಇಳಿದಂತೆ ಓಡುತ್ತಿತ್ತು. ತಾಯಿಯ ಕಡೆಯಿಂದ ದಮ್ಮು, ತಂದೆಯ ಕಡೆಯಿಂದ ವೇಗ, ಬೆನ್ನ ಮೇಲೆ ಹೊರುವ ತೂಕವೂ ಕಡಿಮೆ. ಮೂರು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಲೆಕ್ಕ ಹಾಕಿದ್ದ. 'ಗೊಲೊಂದ್ರೀನಾ' ಎಂದು ಬರೆದು ಕೆಳಗೆ ಗೆರೆ ಎಳೆಯುವಷ್ಟರಲ್ಲಿ ಆ ಕುದುರೆಯ ತರಬೇತುದಾರ ಮಿಲ್ತೊನ್ ಬಾಗಿಲು ತಟ್ಟದೆಯೇ ಒಳಗೆ ಬಂದ. ಅವನು ಎಬೆರನ ಅಕ್ಕ ಮಿರ್ತಾಳ ಗಂಡ.

"ನಮ್ಮ ಕುದುರೆ ತಂಟೆಗೆ ಬರಬೇಡ ಎಬೆರ್."

"ತಂಟೆ ಏನು ಭಾವ, ಗೆಲ್ಲುತ್ತೆ ಅಂತ ಬರೀತಿದೀನಿ."

"ಅದೇ ಬೇಡ ಅಂದಿದ್ದು." ಮಿಲ್ತೊನ್ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. "ಅಂದ್ರೆ... ನೀನು ಬರೆದ್ರೆ ಜನ ಎಲ್ಲಾ ಅದರ ಮೇಲೇ ಕಟ್ತಾರೆ, ಗೆದ್ರೂ ಏನೂ ಗಿಟ್ಟಲ್ಲ. ಗೊತ್ತಾಯ್ತಾ?"

ಅವನು ಹೋದ ಮೇಲೆ ಅಕ್ಕನ ಫೋನು ಬಂತು. "ನೋಡು, ಆ ಕುದುರೆ ಹೆಸರು ಪತ್ರಿಕೇಲಿ ಕಂಡ್ರೆ ನನ್ನ ಮನೆ ಹೊಸ್ತಿಲು ತುಳೀಬೇಡ. ರವಿಯೋಲಿ ಮಾಡಿಟ್ಟಿದೀನಿ, ನಾಯಿಗೆ ಹಾಕ್ತೀನಿ."

ಒಂಬತ್ತೂವರೆಯ ಹೊತ್ತಿಗೆ ಬೇಕರಿಯ ಸುದ್ದಿಯೂ ಅವನು ಬೂದು ಕುದುರೆಯನ್ನು ಕೈಬಿಟ್ಟ ಸುದ್ದಿಯೂ ಎಲ್ಲ ಲಾಯಗಳಿಗೂ ಮುಟ್ಟಿತ್ತು. ಒಬ್ಬ ಜಾಕಿ ಕಣ್ಣಲ್ಲಿ ನೀರು ತಂದುಕೊಂಡ. ಮಹಡಿ ಮನೆಯ ವಿಧವೆಗೆ ಯಾವುದೋ ಕುದುರೆಯಲ್ಲಿ ಕಾಲು ಪಾಲು ಇತ್ತು. ಆಕೆ ಪಾಲಕ್ ಕಡುಬು ತಂದು ಮೇಜಿನ ಮೇಲಿಟ್ಟು, "ನಮ್ಮದು ಬಿಟ್ಟು ಯಾವುದಾದರೂ ಬರ್ಕೊಳಪ್ಪಾ, ಹೊಟ್ಟೆ ತುಂಬಾ ತಿನ್ನು," ಎಂದಳು. ಎಂಟರಲ್ಲಿ ಏಳರ ಕಡೆಯವರು ಬಂದುಹೋದರು. ಯಾವ ಹೆಸರು ಬರೆಯಲು ಹೋದರೂ ಒಂದು ಮುಖ ಅಡ್ಡ ಬರುತ್ತಿತ್ತು. ಎಬೆರನ ತಲೆ ಕಾದ ಹೆಂಚಾಯಿತು.

ಅಷ್ಟರಲ್ಲಿ ಸಂಪಾದಕಿ ನೆಲ್ಲಿ ಬರೇರೋ ಫೋನು ಮಾಡಿದಳು. "ಲಾರೋಸ, ಇನ್ನು ಐದು ನಿಮಿಷ. ನಿಮ್ಮ ಅಂಕಣ ಇಲ್ಲದೆ ಪತ್ರಿಕೆ ಮಾರಕ್ಕಾಗಲ್ಲ."

ಉಳಿದದ್ದು ಒಂದೇ, ತೀಯಾ ಪಾಂಚಾ. ಏಳು ವರ್ಷದ್ದು, ಸೋಫಾದಂಥ ಹೊಟ್ಟೆ, ಆ ವರ್ಷ ಒಂದು ರೇಸನ್ನೂ ಗೆದ್ದಿರಲಿಲ್ಲ. ದೂರದ ದುರಾಸ್ನೋ ಊರಿನಿಂದ ಬಂದ ಅದರ ಯಜಮಾನನಿಗೆ ಇಲ್ಲಿಯ ಬೇಕರಿಯ ಪರಿಚಯವಿರಲಿಲ್ಲ. ಎಬೆರ್ ಹಲ್ಲು ಕಚ್ಚಿಕೊಂಡು, 'ಗೆಲುವು ತೀಯಾ ಪಾಂಚಾಳದ್ದೇ' ಎಂದು ನಾಲ್ಕು ಸಾಲು ಹೊಗಳಿ ಕಳಿಸಿದ. ಬರೆದ ಕೈಯನ್ನು ಸೋಪು ಹಾಕಿ ತೊಳೆದ.

ರೇಸು ಶುರುವಾದದ್ದೇ ತೀಯಾ ಪಾಂಚಾ ಮುಂದೆ ಹೋಯಿತು. ಏಳು ಜಾಕಿಗಳೂ ಪರಸ್ಪರ ಓರೆಗಣ್ಣಲ್ಲಿ ನೋಡಿಕೊಳ್ಳುತ್ತಿದ್ದರೇ ಹೊರತು ಆ ಮುದಿ ಕುದುರೆಯನ್ನು ಒಬ್ಬನೂ ಲೆಕ್ಕಕ್ಕೆ ಇಡಲಿಲ್ಲ, ತಾನಾಗಿ ಸುಸ್ತಾಗಲಿ ಎಂದು ಬಿಟ್ಟರು. ಅದು ಸುಸ್ತಾಗಲಿಲ್ಲ. ಕೊನೆಯ ತಿರುವಿನಲ್ಲಿ ಅವರಿಗೆ ಎಚ್ಚರವಾಗುವಷ್ಟರಲ್ಲಿ ಹತ್ತು ಮಾರು ದೂರ ಹೋಗಿತ್ತು. ಗೊಲೊಂದ್ರೀನಾ ಬಂದದ್ದು ಎಲ್ಲರಿಗಿಂತ ಕೊನೆಗೆ.

ಎಬೆರನಿಗೆ ನಂಬಲಾಗಲಿಲ್ಲ. ಜನ ತನ್ನನ್ನು ಹೆಗಲ ಮೇಲೆ ಹೊರುತ್ತಾರೆಂದು ಕೋಟು ಸರಿಮಾಡಿಕೊಂಡ. ಆದರೆ ಮೈದಾನ ಸಾವಿನ ಮನೆಯ ಹಾಗಿತ್ತು. ದೋನ್ಯಾ ಒಫೆಲಿಯಾ ಎದುರಿಗೆ ಬಂದು, "ಹನ್ನೊಂದು ವರ್ಷ ನಿನ್ನ ನಂಬಿದ್ದೆ ಕಣಯ್ಯಾ," ಎಂದಷ್ಟೇ ಹೇಳಿ ಹೋದಳು.

ಮಿಲ್ತೊನ್ ಬಂದು ಅವನ ತೋಳು ಹಿಡಿದ. "ನಿಜ ಹೇಳು. ಬರೆದಿದ್ದು ಅದನ್ನ, ಆದ್ರೆ ಮನಸ್ಸಲ್ಲಿ ನಮ್ಮದೇ ಗೆಲ್ಲುತ್ತೆ ಅಂದ್ಕೊಂಡಿದ್ದೆ, ಅಲ್ವಾ?"

"ಹೌದು ಭಾವ."

"ಗೊತ್ತಿತ್ತು," ಎಂದು ಮಿಲ್ತೊನ್ ಕೈ ಬಿಟ್ಟ. "ಮನಸ್ಸಲ್ಲೂ ಬೇಡ ಅಂತ ಹೇಳಬೇಕಿತ್ತು ನಾನು."

ಎಬೆರನಿಗೆ ತಲೆಬುಡ ಅರ್ಥವಾಗಲಿಲ್ಲ. ಸಂಜೆ ಪತ್ರಿಕೆಯ ಕಚೇರಿಗೆ ಹೋದಾಗ ನೆಲ್ಲಿ ಬರೇರೋ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಳ್ಳುತ್ತ ಕೂತಿದ್ದಳು.

"ರೇಸು ಮುಗಿದಾಗಿಂದ ಬೈಗುಳದ ಫೋನು ಲಾರೋಸ. ಹೀಗಾ ಮಾಡೋದು?"

"ನಾನು ಹೇಳಿದ ಕುದುರೆ ಗೆದ್ದಿದೆ ಸೆನ್ಯೋರಾ."

"ಅದೇ ತಾನೇ ದೂರು. ಜನ ನಮ್ಮ ಪತ್ರಿಕೆ ತಗೋತಿದ್ದಿದ್ದು ಯಾಕೆ ಅಂದ್ಕೊಂಡ್ರಿ? ನೀವು ಹೇಳಿದ್ದನ್ನ ಹೊಡೆದುಹಾಕಿ, ಉಳಿದಿದ್ರಲ್ಲಿ ಆರಿಸ್ಕೊಳ್ತಿದ್ರು. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲಾನೂ ನೀವು ಕೈ ಕೊಟ್ಟಿರಲಿಲ್ಲ."

ಎಬೆರ್ ಕುರ್ಚಿಗಾಗಿ ಹಿಂದೆ ಕೈ ಚಾಚಿ ತಡಕಾಡಿದ. ವಾಲ್ತೆರನ ನಾಚಿಕೆಯ ಕುದುರೆ, ವಿಧವೆಯ ಕಡುಬು, ಅಕ್ಕನ ಬೆದರಿಕೆ, ಎಲ್ಲ ಒಂದೊಂದಾಗಿ ತಲೆಯೊಳಗೆ ಇಳಿಯತೊಡಗಿದವು.

"ಕುದುರೆ ಅಂಕಣ ಇನ್ನು ನಿಮ್ಮ ಕೈಗೆ ಕೊಡಕ್ಕಾಗಲ್ಲ," ಎಂದಳು ನೆಲ್ಲಿ. "ಆದ್ರೂ ಹಳಬರು, ಬೀದಿಗೆ ಬಿಡಲ್ಲ. ನಾಳೆಯಿಂದ ಹವಾಮಾನ ಬರೀರಿ."

"ನನಗೆ ಹವಾಮಾನದ ಗಂಧಗಾಳಿ ಇಲ್ಲ ಸೆನ್ಯೋರಾ."

"ಗೊತ್ತು. ನೀವು ಮಳೆ ಬರುತ್ತೆ ಅಂತ ಬರೀರಿ, ಊರಿನವರು ಧೈರ್ಯವಾಗಿ ಬಟ್ಟೆ ಒಗೆದು ಒಣಹಾಕ್ತಾರೆ."